ಕುನಿಙ್ಙಸ್: ಫಿನ್ನಿಶ್‌ನಲ್ಲಿ ಉಳಿದುಕೊಂಡ ರಾಜ

ಇಂಗ್ಲಿಷಿನ 'ಕಿಂಗ್' ಪದ ಒಂದೂವರೆ ಸಾವಿರ ವರ್ಷಕ್ಕೂ ಹಿಂದೆ ಹೇಗಿತ್ತು ಅಂತ ನೋಡ್ಬೇಕಾ? ಲಂಡನ್ನಿಗಲ್ಲ, ಹೆಲ್ಸಿಂಕಿಗೆ ಹೋಗಬೇಕು. ಫಿನ್ನಿಶ್‌ನಲ್ಲಿ ರಾಜನಿಗೆ 'ಕುನಿಙ್ಙಸ್' ಅಂತಾರೆ. (ಹೌದು, ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಎಲ್ಲೂ ಬಳಸದ ಅದೇ ಙ. ಕೊನೆಗೂ ಕೆಲಸಕ್ಕೆ ಬಂತು!)

ಇಂಗ್ಲಿಷ್, ಜರ್ಮನ್, ಸ್ವೀಡಿಶ್‌ಗಳ ತಾಯಿಭಾಷೆಯನ್ನು ಭಾಷಾವಿಜ್ಞಾನಿಗಳು ಪ್ರೋಟೋ-ಜರ್ಮ್ಯಾನಿಕ್ ಅಂತ ಕರೀತಾರೆ. ಮಕ್ಕಳ ಭಾಷೆಗಳನ್ನು ಹೋಲಿಸಿ, ಒಂಥರಾ ರಿವರ್ಸ್ ಇಂಜಿನಿಯರಿಂಗ್ ಮಾಡಿ ಅವರು ಕಂಡುಕೊಂಡ ಮೂಲ ರೂಪ 'ಕುನಿಂಗಜ್'. ಕುಲ ಅನ್ನೋ ಅರ್ಥದ ಪದದಿಂದ ಹುಟ್ಟಿದ್ದು. ಇಂಗ್ಲಿಷ್ ಅದನ್ನು ಸವೆಸಿ 'ಕಿಂಗ್' ಮಾಡ್ತು, ಸ್ವೀಡಿಶ್ 'ಕುಂಗ್' ಮಾಡ್ತು. ಕೊನೆಯ 'ಅಜ್' ಎರಡರಲ್ಲೂ ಮಾಯ. ಫಿನ್ನಿಶ್ ಆ ಕುಟುಂಬಕ್ಕೆ ಸೇರಿದ್ದೇ ಅಲ್ಲ, ಪದವನ್ನು ಸಾಲ ತಗೊಂಡಿತ್ತು ಅಷ್ಟೇ. ಆದ್ರೆ 'ಜ್' ಅನ್ನು 'ಸ್' ಮಾಡಿದ್ದು ಬಿಟ್ಟರೆ ಹೆಚ್ಚುಕಡಿಮೆ ಹಾಗೇ ಇಟ್ಕೊಂಡಿದೆ. ಪಕ್ಕದ ಲಿಥುವೇನಿಯನ್ ಭಾಷೆಯೂ ಸಾಲ ಪಡೆದಿದೆ, ಅಲ್ಲಿ ಈಗ 'ಕುನಿಗಸ್' ಅಂದ್ರೆ ಪಾದ್ರಿ!

ಮಜಾ ಇರೋದು ವಿಭಕ್ತಿಯಲ್ಲಿ. ನಮ್ಮ ಹಾಗೇ ಫಿನ್ನಿಶ್‌ನಲ್ಲೂ ಪ್ರತ್ಯಯ ಪದದ ಬಾಲಕ್ಕೆ ಅಂಟತ್ತೆ. ನಾವು ಸ್ಕೂಲಲ್ಲಿ ಏಳು ಕಲಿತ್ವಿ, ಅವರಿಗೆ 15. ರಾಜನ ಅನ್ನೋಕೆ 'ಕುನಿಂಕಾನ್', ರಾಜನಿಗೆ 'ಕುನಿಂಕಾಲ್ಲೆ', ರಾಜನಿಲ್ಲದೆ 'ಕುನಿಂಕಾತ್ತ'. ಈ ಕೊನೆಯದು ಅವರಿಗೆ ಅಭ್ಯಾಸವಾಗಿದೆ: 1918ರಲ್ಲಿ ಜರ್ಮನ್ ರಾಜಕುಮಾರನೊಬ್ಬನನ್ನು ರಾಜ ಅಂತ ಆರಿಸಿದರು, ಅವನು ಬರಲೇ ಇಲ್ಲ, 1919ರಲ್ಲಿ ಗಣರಾಜ್ಯವಾಯ್ತು.

ಸರಿ, 'ಙ್ಙ' ಇದ್ದದ್ದು 'ಂಕ' ಆಗಿದ್ದು ಯಾಕೆ? ರೂಲ್ ಸಿಂಪಲ್. ಸಿಲಬಲ್ ಸ್ವರದಲ್ಲಿ ಮುಗಿದರೆ ಗಟ್ಟಿ 'ಂಕ', ವ್ಯಂಜನದಲ್ಲಿ ಮುಗಿದರೆ ಮೆತ್ತಗಿನ 'ಙ್ಙ'. ಕು-ನಿಙ್-ಙಸ್, ಕೊನೆಗೆ 'ಸ್' ಇದೆ, ಮೆತ್ತಗಾಯ್ತು. ಆದ್ರೆ 'ಕುನಿಂಕಾನ್' ಕೂಡ ವ್ಯಂಜನದಲ್ಲೇ ಮುಗಿಯತ್ತಲ್ಲ? ಬಗ್ ಥರ ಕಾಣತ್ತೆ. ಉತ್ತರ ಹಳೇ ವರ್ಶನ್‌ನಲ್ಲಿದೆ. ಆ ರೂಪ ಹಿಂದೆ ಕು-ನಿಂ-ಕ-ಹನ್ ಅಂತಿತ್ತು. ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ 'ಸ' ಮೊದಲು 'ಹ' ಆಯ್ತು (ನಮ್ಮ ಹಳಗನ್ನಡದ ಪಾಲು ಹಾಲಾದ ಹಾಗೆ, ಅಲ್ಲಿ ಅಕ್ಷರ ಬೇರೆ ಅಷ್ಟೇ). ಆಗ 'ಕ' ಸ್ವರದಲ್ಲೇ ಮುಗೀತಿತ್ತು, ಅದಕ್ಕೇ ಗಟ್ಟಿ. ಆಮೇಲೆ 'ಹ' ಉದುರಿ ಎರಡು ಸ್ವರ ಸೇರಿ 'ಕಾ' ಆದವು. ಕೋಡ್ ಡಿಲೀಟ್ ಆಗಿದೆ, ಔಟ್‌ಪುಟ್ ಮಾತ್ರ ಇನ್ನೂ ಬರ್ತಿದೆ.

ಇನ್ನೊಂದು ಇದೇ ಥರದ ಸಾಲದ ಪದ 'ರೆಙ್ಙಸ್'. ಇಂಗ್ಲಿಷಿನ 'ರಿಂಗ್'ನ ನೆಂಟ, ಟೈರಿಗೂ ಅದೇ ಹೆಸರು. 'ಟೈರಿನ' ಅನ್ನೋಕೆ ಏನಾಗತ್ತೆ ಅಂತ ಈಗ ನೀವೇ ಹೇಳಬಹುದು: ರೆಂಕಾನ್.