ಕಲಾಕ್ಷೇತ್ರದ ಹಿಂದಿನ ಬಯಲು

ಕಲಾಸಿಪಾಳ್ಯದ ಬಸ್ ನಿಲ್ದಾಣದಿಂದ ನಡೆದೇ ಹೋಗುವಷ್ಟು ದೂರದಲ್ಲಿ, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಹಿಂಬದಿಗೆ ‘ಸಂಸ’ ಬಯಲು ರಂಗಮಂದಿರವಿದೆ. ಸ್ವಂತ ಸೂರಿಲ್ಲದ ಹವ್ಯಾಸಿ ತಂಡಗಳು ಹಂಚಿಕೊಂಡು ಬಳಸುತ್ತ ಬಂದ ಜಾಗವಿದು. ಆಧುನಿಕ ಕನ್ನಡ ರಂಗಭೂಮಿಯ ದಿಟ್ಟ ಪ್ರಯೋಗಗಳಿಗೆ ಈ ಆವರಣ ನೆಲ ಕೊಟ್ಟಿದೆ.

ಈ ರಸ್ತೆಗೆ ನಾಟಕದ ನಂಟು ಹಳೆಯದು. 1909ರಲ್ಲಿ ಹುಟ್ಟಿದ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್‌ನ ಎಡಿಎ ರಂಗಮಂದಿರ ಕಲಾಕ್ಷೇತ್ರದ ಎದುರಿಗೇ ಇದೆ. 1919ರಲ್ಲಿ ಆ ಸಂಸ್ಥೆ ನಡೆಸಿದ ಲಲಿತಕಲೆಗಳ ಉತ್ಸವಕ್ಕೆ ರವೀಂದ್ರನಾಥ ಟ್ಯಾಗೋರ್ ಬೆಂಗಳೂರಿಗೆ ಬಂದಿದ್ದರು. ಅದೇ ಕವಿಯ ಜನ್ಮಶತಮಾನೋತ್ಸವದ ನೆನಪಿಗೆ ಸರ್ಕಾರ ಕಟ್ಟಿಸಿದ ಕಲಾಕ್ಷೇತ್ರ 1963ರಲ್ಲಿ ತೆರೆಯಿತು. ದೊಡ್ಡ ಸಭಾಂಗಣ, ಚೌಕಟ್ಟಿನ ರಂಗ, ಎಳೆದು ಬಿಡುವ ಪರದೆ, ಎಲ್ಲವೂ ಇದ್ದವು. ಆದರೆ ಹೊಸ ನಾಟಕಕಾರರು ಬರೆಯತೊಡಗಿದ್ದ ನಾಟಕಗಳಿಗೆ ಆ ಚೌಕಟ್ಟು ಇಕ್ಕಟ್ಟಾಗುತ್ತ ಬಂದಿತ್ತು.

1972ರಲ್ಲಿ ಈ ಬಿಕ್ಕಟ್ಟಿಗೆ ದಾರಿ ಸಿಕ್ಕಿತು. ಬಾಲ್ಯದಲ್ಲಿ ಗುಬ್ಬಿ ನಾಟಕ ಕಂಪನಿ ಸೇರಿ, ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಬಿ.ವಿ. ಕಾರಂತರು ಮೂರು ನಾಟಕಗಳನ್ನು ಕಲಾಕ್ಷೇತ್ರದ ಆವರಣದ ಬಯಲಿನಲ್ಲಿ ಆಡಿಸಿದರು. ಒಂದು, ಪಿ. ಲಂಕೇಶ್ ಕನ್ನಡಕ್ಕೆ ತಂದ ಸೊಫೋಕ್ಲಿಸ್‌ನ ‘ಈಡಿಪಸ್’. ಇನ್ನೊಂದು, ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತ ಲಂಕೇಶರದೇ ‘ಸಂಕ್ರಾಂತಿ’. ಮತ್ತೊಂದು, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’. ಮೂರಕ್ಕೂ ಬಯಲು ಒಪ್ಪುವಂಥದ್ದೇ. ಗ್ರೀಕರು ನಾಟಕ ನೋಡುತ್ತಿದ್ದುದು ಗುಡ್ಡದ ಇಳಿಜಾರಿನಲ್ಲಿ ಕುಳಿತು, ಆಕಾಶದ ಕೆಳಗೆ. ಕಂಬಾರರು ಉತ್ತರ ಕರ್ನಾಟಕದ ಬಯಲಾಟದ ಕಸುವನ್ನೇ ನಾಟಕಕ್ಕೆ ಇಳಿಸಿದ್ದರು. ಬಯಲಾಟಕ್ಕೆ ಎಂದೂ ಮಾಳಿಗೆ ಬೇಕಾಗಿರಲಿಲ್ಲ. ಕಾರಂತರ ಸಂಗೀತ, ಮೇಳದ ಕುಣಿತ, ನಟರ ನಡೆ ಮೂರೂ ಚೌಕಟ್ಟು ಮೀರಿ ಹರಡಿದವು. ಕನ್ನಡ ರಂಗಭೂಮಿಯ ಚರಿತ್ರೆ ಬರೆಯುವವರು ಆ ವರ್ಷವನ್ನು ದಾಟಿ ಮುಂದೆ ಹೋಗುವಂತಿಲ್ಲ.

ಆ ವರ್ಷ ಮತ್ತು ನಂತರದ ವರ್ಷಗಳಲ್ಲಿ ನಗರದಲ್ಲಿ ತಂಡಗಳು ಒಂದರ ಹಿಂದೊಂದು ಹುಟ್ಟಿದವು. ಸಿ.ಆರ್. ಸಿಂಹ ‘ನಟರಂಗ’ ಕಟ್ಟಿದರು. 1974ರಲ್ಲಿ ಕಾರಂತರ ‘ಬೆನಕ’ ಬಂತು. ಬೆಂಗಳೂರು ನಗರ ಕಲಾವಿದರು ಎಂಬುದೇ ಅದರ ಪೂರ್ಣ ಹೆಸರು. 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡ ನಾಟಕವನ್ನು ಬೀದಿಗೂ ಹಳ್ಳಿಗೂ ಒಯ್ಯುವ ಚಳವಳಿಯಾಗಿ ಬೆಳೆಯಿತು. ಬ್ಯಾಂಕು, ಕಾರ್ಖಾನೆ, ಕಾಲೇಜುಗಳಲ್ಲಿ ದುಡಿಯುತ್ತಿದ್ದ ನಟರು ಸಂಜೆ ಕೆಲಸ ಮುಗಿಸಿ ತಾಲೀಮಿಗೆ ಬರುತ್ತಿದ್ದ ಕಾಲ ಅದು. ಕಲಾಕ್ಷೇತ್ರದ ಮೆಟ್ಟಿಲು ಮತ್ತು ಕ್ಯಾಂಟೀನು ಅವರೆಲ್ಲ ಕೂಡುವ ಕಟ್ಟೆಯಾದವು. ಒಂದು ತಂಡದ ನಟ ಇನ್ನೊಂದು ತಂಡಕ್ಕೆ ಬೆಳಕು ಮಾಡುವುದು, ಮತ್ತೊಂದಕ್ಕೆ ಹಾಡಲು ಹೋಗುವುದು ಇಂಥ ಅಂಗಳದಲ್ಲಿ ಮಾತ್ರ ಸಲೀಸು. ಪ್ರಯೋಗಕ್ಕೆ ರಂಗಕ್ಕಿಂತ ಮೊದಲು ಬೇಕಾದದ್ದು ಈ ಒಡನಾಟ.

ಸೂರಿಲ್ಲದ ತಂಡಗಳ ಈ ಬಯಲು ರಂಗಕ್ಕೆ ‘ಸಂಸ’ರ ಹೆಸರಿಟ್ಟದ್ದು ಔಚಿತ್ಯಪೂರ್ಣ. ‘ವಿಗಡ ವಿಕ್ರಮರಾಯ’ ನಾಟಕದ ಕರ್ತೃ, ಸಂಸ ಎಂಬ ಹೆಸರಿನಲ್ಲಿ ಬರೆದ ಎ.ಎನ್. ಸ್ವಾಮಿ ವೆಂಕಟಾದ್ರಿ ಅಯ್ಯರ್ (1898–1939) ಒಂದೆಡೆ ನೆಲೆ ನಿಲ್ಲದೆ ಅಲೆದವರು. ಅವರು ಬರೆದ ನಾಟಕಗಳಲ್ಲಿ ಬಹುಪಾಲು ಕಳೆದೇ ಹೋದವು.

ಪಕ್ಕದ ಕನ್ನಡ ಭವನದಲ್ಲಿ ಅಕಾಡೆಮಿಗಳ ಕಚೇರಿಗಳೂ ‘ನಯನ’ ಸಭಾಂಗಣವೂ ಇವೆ. ಇಡೀ ಆವರಣ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದು. ಯಾವುದೇ ಒಂದು ತಂಡದ ಸ್ವತ್ತಲ್ಲದ್ದರಿಂದಲೇ ಇದು ಎಲ್ಲರದಾಗಿ ಉಳಿದಿದೆ. ಕಲಾಸಿಪಾಳ್ಯ, ಮಾರುಕಟ್ಟೆಗಳ ಬಸ್ಸುಗಳು ಹತ್ತಿರದಲ್ಲೇ ಸಿಗುವುದರಿಂದ ಬಡ ನಟನಿಗೂ ದೂರದ ಬಡಾವಣೆಯ ಪ್ರೇಕ್ಷಕನಿಗೂ ಬಂದು ಹೋಗುವುದು ಸುಲಭ. ಮಳೆ ಬಂದರೆ ಆಟ ನಿಲ್ಲುತ್ತದೆ, ಜೆ.ಸಿ. ರಸ್ತೆಯ ವಾಹನಗಳ ಸದ್ದು ಸಂಭಾಷಣೆಯ ಮೇಲೆ ಬೀಳುತ್ತದೆ. ಅದನ್ನು ಲೆಕ್ಕಕ್ಕಿಟ್ಟುಕೊಂಡೇ ನಿರ್ದೇಶಕರು ಇಲ್ಲಿಗೆ ನಾಟಕ ಕಟ್ಟಬೇಕು.

ಇತ್ತೀಚಿನ ದಶಕಗಳಲ್ಲಿ ಬೇರೆ ಮಾದರಿಗಳೂ ಬಂದಿವೆ. ಜೆ.ಪಿ. ನಗರದ ‘ರಂಗಶಂಕರ’ 2004ರಲ್ಲಿ ತೆರೆಯಿತು. ಅರುಂಧತಿ ನಾಗ್ ಮತ್ತು ಗೆಳೆಯರು ‘ಸಂಕೇತ್’ ಟ್ರಸ್ಟಿನ ಮೂಲಕ ಕಟ್ಟಿದ ಈ ರಂಗಮಂದಿರದಲ್ಲಿ ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಲಾಲ್‌ಬಾಗ್ ರಸ್ತೆಯ ಕಟ್ಟಡವೊಂದರ ಮೇಲ್ಮಹಡಿಯಲ್ಲಿ ಶುರುವಾದ ‘ಶೂನ್ಯ’ ದೇಹವನ್ನೇ ಮಾಧ್ಯಮ ಮಾಡಿಕೊಂಡ ನೃತ್ಯ ಮತ್ತು ಪ್ರದರ್ಶನ ಕಲೆಗಳಿಗೆ ಬರಿಯ ನೆಲ, ಬರಿಯ ಕೋಣೆ ಒದಗಿಸಿತು. ಖಾಸಗಿ ಜಾಗಗಳಿಗೆ ಶಿಸ್ತು, ಸ್ವಾತಂತ್ರ್ಯ ಎರಡೂ ಇರುತ್ತವೆ. ಬಾಡಿಗೆಯ ಹೊರೆಯೂ ಇರುತ್ತದೆ.

ಹೊಸದಾಗಿ ಇಂಥ ಜಾಗ ತೆರೆಯಬೇಕೆನ್ನುವವರು ಪ್ರದರ್ಶನದ ವೇದಿಕೆಗಿಂತ ಮುಂಚೆ ತಾಲೀಮಿನ ಕೋಣೆಯ ಬಗ್ಗೆ ಯೋಚಿಸಬೇಕು. ಒಂದು ಸಂಜೆಯ ಆಟಕ್ಕೆ ತಿಂಗಳುಗಟ್ಟಲೆ ತಾಲೀಮು ಬೇಕು. ಸಂಜೆ ಆರರ ನಂತರ ನಗರದ ಎಷ್ಟೋ ಸರ್ಕಾರಿ ಶಾಲೆಗಳ ಕೊಠಡಿಗಳು ಬೀಗ ಹಾಕಿಕೊಂಡಿರುತ್ತವೆ. ಅವನ್ನು ಅಲ್ಪ ಬಾಡಿಗೆಗೆ ತಂಡಗಳಿಗೆ ತೆರೆದುಕೊಡುವ ಕೆಲಸಕ್ಕೆ ಶಿಕ್ಷಣ ಇಲಾಖೆ ಮತ್ತು ಸಂಸ್ಕೃತಿ ಇಲಾಖೆ ಒಟ್ಟಿಗೆ ಮುಂದಾಗಬೇಕು.