ಎರಿ ಹೊಲಕ್ಕೂ ಡಾಂಬರಿಗೂ ಒಂದೇ ಟೈರು ಆದೀತೆ?

ನಮ್ಮದು ಅಣ್ಣಿಗೇರಿ ಕಡೆ ಎರಿ ಭೂಮಿ. ಮಳಿ ನಂಬಿದ ಕಮತ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿಗೆ ಕಡ್ಲಿ, ಬಿಳಿಜೋಳ. ಹೊಲದಿಂದ ಊರಿಗೆ ಮೂರು ಕಿ.ಮೀ. ಎರಿ ದಾರಿ. ಊರಿಂದ ಹುಬ್ಬಳ್ಳಿಗೆ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಸುಮಾರು 35 ಕಿ.ಮೀ. ಡಾಂಬರು. ಎರಡೂ ದಾರಿಗೆ ಇರೋದು ಒಂದೇ ಪಿಕಪ್ ಗಾಡಿ, ಹಿಂದಿನ ಗಾಲಿ ಮಾತ್ರ ಎಳೆಯುವಂಥದ್ದು. ಅದಕ್ಕೆ ಎಂಥ ಟೈರು ಹಾಕಬೇಕು ಅನ್ನೋದನ್ನು ರೊಕ್ಕ ಕಳಕೊಂಡು ಕಲಿತೆ. ನಿಮಗೆ ಪುಕ್ಕಟೆ ಹೇಳತೇನಿ.

2019ರ ಅಕ್ಟೋಬರ್ ಮಳಿ ಈ ಭಾಗದವರಿಗೆ ಮರೆಯುವಂಥದ್ದಲ್ಲ. ಉಳ್ಳಾಗಡ್ಡಿ ಕಿತ್ತು 26 ಚೀಲ ಗಾಡಿಗೆ ಏರಿಸಿದ್ದೆ. ಅವತ್ತೇ ಸಂಜಿ ಮಳಿ ಹೊಡೀತು. ಬದುವಿನ ಹತ್ತಿರ ಹಿಂದಿನ ಗಾಲಿ ತಿರುಗಿ ತಿರುಗಿ ಅಚ್ಚಿನ ತನಕ ಹೂತವು. ಎರಡು ದಿನ ಗಾಡಿ ಅಲ್ಲೇ. ತಾಡಪಾಲು ಹೊದಿಸಿದ್ದಕ್ಕೆ ಒಳಗ ಕಾವು ಎದ್ದು ತಳದ ಚೀಲ ಕೊಳೆತವು. ಮುಂದೆ ಉಳ್ಳಾಗಡ್ಡಿ ದರ ಮುಗಿಲು ಮುಟ್ಟಿತು. ನಮ್ಮ ಮಾಲು ತಿಪ್ಪಿ ಸೇರಿತ್ತು.

ಆ ಸಿಟ್ಟಿಗೆ ನಾಲ್ಕೂ ಗಾಲಿಗೆ ಕೆಸರಿನ ಟೈರು ಹಾಕಿಸಿದೆ. ಮಡ್ ಟೈರು ಅಂತಾರಲ್ಲ, ದಪ್ಪ ದಪ್ಪ ಗಟ್ಟಿ, ನಡುವೆ ಅಗಲ ಸಂದು, ಅಂಥವು.

ಕೆಸರಿನ ಟೈರು ಹೆಂಗ ಕೆಲಸ ಮಾಡತದ?

ಸಾದಾ ಟೈರಿನ ಸಂದು ಸಣ್ಣ. ಎರಿ ಮಣ್ಣು ಅದರೊಳಗ ಹೊಕ್ಕರೆ ಹೊರಗ ಬರೂದಿಲ್ಲ. ಎರಡು ಸುತ್ತು ತಿರುಗಿದರೆ ಟೈರು ನುಣ್ಣಗಿನ ಮಣ್ಣುಂಡಿ ಆಗತದ. ಕೆಸರಿನ ಟೈರಿನ ಸಂದು ಅಗಲ ಇರೋದರಿಂದ ಗಾಲಿ ತಿರುಗಿದಾಗ ಮಣ್ಣು ಸಿಡಿದು ಹೋಗತದ, ಗಟ್ಟಿ ಮತ್ತೆ ಹೊಸ ಮಣ್ಣು ಹಿಡೀತದ. ಹೆಚ್ಚು ಬಿರುಸಿನ ಗರಸು ನೆಲ, ಮಸಾರಿ ನೆಲದಾಗ ಇದು ಛಲೋ. ಮೇಲಿನ ನಾಲ್ಕು ಬೆರಳು ಕೆಸರು ದಾಟಿದರೆ ಕೆಳಗ ಗಟ್ಟಿ ನೆಲ ಸಿಗತದ. ನಮ್ಮ ಹಿರಿಯರ ಚಕ್ಕಡಿ ಗಾಲಿ ಕಿರಿದಾಗಿದ್ದದ್ದೂ ಕೆಸರು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟಲಿ ಅಂತಲೇ ಇರಬೇಕು.

ಆದರೆ ಎರಿ ಹೊಲದ ಮಾತು ಬ್ಯಾರೆ. ಚೊಲೊ ನೆನೆದ ಎರಿ ಕೆಳಗಿನ ತನಕ ಮೆತ್ತಗ. ಅಲ್ಲಿ ಕೆಸರಿನ ಟೈರು ಹಾರಿಯ ಹಂಗ ಅಗದು ಕೆಳಗ ಹೋಗತದ. ಅಚ್ಚು ನೆಲಕ್ಕೆ ಕುಂತಿತೋ, ಜಗತ್ತಿನ ಯಾವ ಟೈರೂ ಎತ್ತೂದಿಲ್ಲ. ಹದ ಮಳಿ ಆದಾಗ ನನಗ ಉಪಯೋಗ ಆತು, ದೊಡ್ಡ ಮಳಿಯಾಗ ಆಗಲಿಲ್ಲ.

ಡಾಂಬರಿನ ಮೇಲೆ

ಮೊದಲನೇ ದಿನವೇ ಗುಂಯ್ ಅನ್ನುವ ಸಪ್ಪಳ. ಹೋಗಲಿ, ಅದು ರೂಢಿ ಆಗತದ. ಡೀಸೆಲ್ ಹೆಚ್ಚು ಕುಡಿಯಿತು. ಗಟ್ಟಿಗಳ ಅಂಚು ಒಂದು ಬದಿ ಸವೆದು ಗರಗಸದ ಹಲ್ಲಿನ ಹಂಗ ಆದವು. ಹಳೇ ಟೈರು ಬಂದಷ್ಟು ದಿನದ ಅರ್ಧಕ್ಕೇ ಮುಗಿದವು.

ಇವೆಲ್ಲ ರೊಕ್ಕದ ಮಾತು. ದೊಡ್ಡ ಮಾತು ಬ್ರೇಕಿನದು. ಒಂದು ದಿನ ಜಿನುಗು ಮಳಿಯಾಗ ಹುಬ್ಬಳ್ಳಿಗೆ ಹೊರಟಿದ್ದೆ. ಸೈಕಲ್ ಮೇಲೆ ಸಾಲಿ ಹುಡುಗ ಒಬ್ಬ ತಟ್ಟನೆ ಅಡ್ಡ ಬಂದ. ಬ್ರೇಕ್ ಒತ್ತಿದೆ, ಗಾಲಿ ನಿಂತವು, ಗಾಡಿ ನಿಲ್ಲಲಿಲ್ಲ. ಜಾರಿಕೊಂತ ಹೋಗಿ ಹುಡುಗನಿಂದ ಒಂದು ಮೊಳ ದೂರ ನಿಂತಿತು. ಅವನು ಏನೂ ಆಗಿಲ್ಲ ಅನ್ನುವ ಹಂಗ ಹೋದ. ನಾನು ಕೆಳಗ ಇಳಿದು ಅರ್ಧ ತಾಸು ಕಲ್ಲಿನ ಮೇಲೆ ಕುಂತೆ. ಕೆಸರಿನ ಟೈರಿನಾಗ ಸಂದು ಹೆಚ್ಚು, ಅಂದರೆ ನೆಲಕ್ಕೆ ತಾಗುವ ರಬ್ಬರು ಕಡಿಮಿ. ತೊಯ್ದ ಡಾಂಬರಿಗೆ ಹಿಡಿತ ಕಡಿಮಿ ಆಗೋದು ಇದಕ್ಕೇ.

ಲೆಕ್ಕ ಹಾಕಿದೆ

ಮನಿಗೆ ಬಂದು ಪಾಟಿ ಹಿಡಿದು ಕುಂತೆ. ಒಂದು ಸಲ ಹೊಲದಿಂದ ಹುಬ್ಬಳ್ಳಿಗೆ ಹೋದರೆ 38 ಕಿ.ಮೀ. ಅದರಾಗ ಎರಿ ದಾರಿ ಮೂರು, ಡಾಂಬರು 35. ಆ ಮೂರೂ ಕಿ.ಮೀ. ವರ್ಷದಾಗ ಕೆಲವು ವಾರ ಮಾತ್ರ ಕೆಸರು. ಅಷ್ಟಕ್ಕಾಗಿ ವರ್ಷಪೂರ್ತಿ ಜಾರುವ ಟೈರಿನ ಮೇಲೆ ತಿರುಗೋದು ಶಾಣ್ಯಾತನ ಅಲ್ಲ. ಕಾಫಿ ತೋಟದ ಗುಡ್ಡದ ದಾರಿಯಾಗೇ ದಿನವೆಲ್ಲ ಓಡಿಸುವವರ ಲೆಕ್ಕ ಬ್ಯಾರೆ. ಅವರಿಗೆ ಕೆಸರಿನ ಟೈರು ಸರಿ. ನೀವೂ ನಿಮ್ಮ ಲೆಕ್ಕ ಹಾಕ್ರಿ. ಅರ್ಧಕ್ಕಿಂತ ಹೆಚ್ಚು ಓಟ ಕೆಸರು, ಕಲ್ಲಿನಾಗ ಇದ್ದರೆ ಮಾತ್ರ ಆ ಟೈರು ಅಂತ ನನ್ನ ಅಭಿಪ್ರಾಯ.

ಈಗ ನಾಲ್ಕೂ ಗಾಲಿಗೆ ಮಧ್ಯಮ ನಮೂನಿ ಟೈರು ಹಾಕೇನಿ. ಆಲ್ ಟೆರೇನ್ ಅಂತ ಕೇಳಿದರೆ ಕೊಡತಾರ. ಗಟ್ಟಿ ಮಧ್ಯಮ, ಸಂದೂ ಮಧ್ಯಮ. ಕೆಸರಿನಾಗ ಸ್ವಲ್ಪ ಕಡಿಮಿ, ಡಾಂಬರಿಗೆ ಬಹಳ ಮೇಲು.

ಕೊಳ್ಳುವಾಗ ನೋಡಬೇಕಾದ್ದು

1. ಟೈರಿನ ಬದಿಯ ಮೇಲೆ ಡಿಓಟಿ ಅಂತ ಇರುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರತಾವ. 2718 ಅಂದರೆ 2018ರ 27ನೇ ವಾರ ತಯಾರಾದದ್ದು. ನನಗ ಒಬ್ಬ ಅಂಗಡಿಯವ ಹೊಸದು ಅಂತ ನಾಲ್ಕು ವರ್ಷ ಹಳೇದನ್ನು ಕಟ್ಟಿದ್ದ. ಆಗ ಓದಲು ಬರತಿರಲಿಲ್ಲ. ಒಂದು ಬದಿಗೆ ಈ ಅಂಕಿ ಇಲ್ಲದಿದ್ದರೆ ಇನ್ನೊಂದು ಬದಿ ನೋಡ್ರಿ.

2. ಭಾರದ ಅಂಕಿ. ನನ್ನ ಟೈರಿನ ಮೇಲೆ 106/104 ಅಂತ ಇದೆ. ಒಂಟಿ ಗಾಲಿಗೆ 106, ಅಂದರೆ ಒಂದು ಟೈರಿಗೆ 950 ಕಿಲೋ. ಜೋಡಿ ಗಾಲಿ ಇದ್ದರೆ 104, ಅಂದರೆ 900 ಕಿಲೋ. ಕಂಪನಿ ಕೊಟ್ಟದ್ದಕ್ಕಿಂತ ಕಡಿಮಿ ಅಂಕಿಯದು ಬ್ಯಾಡ. ನೋಡಲು ದಪ್ಪ ಇದ್ದರೆ ಹೆಚ್ಚು ಭಾರ ತಾಳತದ ಅನ್ನೋದು ಸುಳ್ಳು.

3. ದೊಡ್ಡ ಅಳತಿ ಟೈರಿನ ಆಸೆ ಬಿಡ್ರಿ. ಗಾಲಿ ಎತ್ತರ ಆದರೆ ಇಂಜಿನ್ನಿನ ಎಳೆತ ಕಡಿಮಿ ಆಗತದ, ಮೀಟರು ನಿಜವಾದ ವೇಗಕ್ಕಿಂತ ಕಡಿಮಿ ತೋರಿಸತದ.

4. ಒಂದೇ ಅಚ್ಚಿಗೆ ಒಂದು ರೇಡಿಯಲ್, ಒಂದು ನೈಲಾನ್ ಬ್ಯಾಡವೇ ಬ್ಯಾಡ.

5. ಸಂದಿನ ತಳದಾಗ ಸಣ್ಣ ಅಡ್ಡ ಉಬ್ಬು ಇರತಾವ. ಟೈರು ಸವೆದು ಅದರ ಮಟ್ಟಕ್ಕೆ ಬಂದರೆ 1.6 ಮಿ.ಮೀ. ಉಳಿದಂಗ. ಕಾನೂನಿನ ಮಿತಿ ಅದೇ. ಮಳಿಗಾಲಕ್ಕೆ ಅಲ್ಲಿತನಕ ಕಾಯಬಾರದು.

ಗಾಳಿಯ ಮಾತು: ಕೆಸರಿನಾಗ ಸಿಕ್ಕ ಖಾಲಿ ಗಾಡಿಗೆ ಸ್ವಲ್ಪ ಗಾಳಿ ಇಳಿಸಿದರೆ ಟೈರು ಅಗಲ ಆಗಿ ಹಿಡೀತದ. ಡಾಂಬರು ಹತ್ತುವ ಮೊದಲು ತುಂಬಲೇಬೇಕು. ಭಾರ ಇದ್ದಾಗ ಇಳಿಸಬ್ಯಾಡ್ರಿ. ಟೈರು ಕಾದು ಒಡೀತದ.

ಎಲ್ಲಕ್ಕಿಂತ ದೊಡ್ಡ ಉಪಾಯಕ್ಕೆ ಟೈರೇ ಬೇಕಾಗಿಲ್ಲ. ಮೋಡ ಕಂಡರೆ ನಾನು ಈಗ ಗಾಡಿಯನ್ನು ಹೊಲಕ್ಕೆ ಇಳಿಸೂದೇ ಇಲ್ಲ. ಗಾಡಿ ಊರ ಮುಂದಿನ ಡಾಂಬರಿನ ಮೇಲೆ ನಿಲ್ಲತದ. ನೆಲ ತೊಯ್ಯುವ ಮೊದಲು ಟ್ರ್ಯಾಕ್ಟರ್ ಟ್ರೇಲರಿನಾಗ ಮಾಲು ಅಲ್ಲಿಗೆ ಬರತದ. ಬಾಡಿಗಿ ಹೋಗತದ ನಿಜ, ಆದರೆ ಕೊಳೆತ ಉಳ್ಳಾಗಡ್ಡಿಗಿಂತ ಅದು ಸಸ್ತಾ. ಹಸಿ ನೆಲದಾಗ ಗಾಡಿ ತುಳಿದು ಹೊಲ ಗಟ್ಟಿ ಆಗೋದೂ ತಪ್ಪತದ.

ನಿಮ್ಮ ನೆಲ ಬ್ಯಾರೆ, ದಾರಿ ಬ್ಯಾರೆ ಇದ್ದೀತು. ನಿಮಗ ಕಂಡದ್ದನ್ನು ಪತ್ರಿಕೆಗೆ ಬರೀರಿ. ಇನ್ನೊಬ್ಬರ ಚೀಲ ಕೊಳೆಯೋದು ತಪ್ಪಲಿ.