ನಿಮಗಿದು ಗೊತ್ತೆ? ಧ್ವನಿ ಒಂದು, ಶಬ್ದ ಎರಡು
ಇರುಳೆಂಬರ್ಥದ ‘ನೈಟ್’, ಮಧ್ಯಯುಗದ ಅಶ್ವಾರೋಹಿ ವೀರನೆಂಬರ್ಥದ ‘ನೈಟ್’, ಇವೆರಡೂ ಇಂಗ್ಲಿಷಿನಲ್ಲಿ ಇಂದು ಸಮಧ್ವನಿಗಳಾಗಿ ಕೇಳಿಬಂದರೂ, ವೀರವಾಚಕದ ಆದಿಯಲ್ಲಿ ಈಗ ಮೌನವಾಗಿರುವ ‘ಕೆ’ ಅಕ್ಷರವು ಪೂರ್ವದಲ್ಲಿ ಉಚ್ಚರಿತವಾಗುತ್ತಿದ್ದುದರಿಂದ, ಅಂದು ಅವು ಕಿವಿಗೂ ಭಿನ್ನವಾಗಿಯೇ ಇದ್ದುವು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ನನು ಇಂಗ್ಲೆಂಡಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ತರುವಾಯ ಅಕ್ಷರವಿನ್ಯಾಸವು ಕ್ರಮೇಣ ಸ್ಥಿರಗೊಂಡಿತು. ಉಚ್ಚಾರಣೆಯಾದರೋ ಪರಿವರ್ತನೆ ಹೊಂದುತ್ತಲೇ ಸಾಗಿತು. ಉಚ್ಚಾರಣೆಯನ್ನೇ ಅನುಸರಿಸುವ ನಮ್ಮ ಲಿಪಿಯಲ್ಲಿ ಬರೆದೊಡನೆ ಈ ಭೇದವು ಲುಪ್ತವಾಗುವುದರಿಂದ, ಕನ್ನಡಿಗ ವಿದ್ಯಾರ್ಥಿಗೆ ನಿಘಂಟೇ ಶರಣ್ಯ. ಮಂಗಳೂರಿನ ಬಾಸೆಲ್ ಮಿಷನ್ನು 1894ರಲ್ಲಿ ಪ್ರಕಟಿಸಿದ ಫರ್ಡಿನೆಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು, ಕನ್ನಡದ ಅರ್ಥದಿಂದ ಇಂಗ್ಲಿಷಿನ ಅಕ್ಷರವಿನ್ಯಾಸಕ್ಕೆ ಹಾದಿ ತೋರುವ ಅಂತಹ ಮಹಾಕೃತಿ. ವಿದ್ಯಾರ್ಥಿಗಳೇ, ಸಂದೇಹ ಬಂದಾಗ ಕಿವಿಯನ್ನಷ್ಟೇ ನಂಬದೆ, ವಾಕ್ಯದ ಅರ್ಥವನ್ನು ಮೊದಲು ವಿಚಾರಿಸಿ, ಬಳಿಕ ನಿಘಂಟನ್ನು ತೆರೆಯಿರಿ.